ಸೋಫಾದಲ್ಲಿ ಕೂರಿಸಿ ತೋರಿಸಿದ ಸಿನಿಮಾ

ಕುವೈತಿಗೆ ಮನೆಗೆಲಸಕ್ಕೆ ಹೊರಟ ಹುಡುಗಿಯರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಅಲ್ಲಿ ಸೆಖೆ ಎಷ್ಟು, ಊಟ ಎಂತದು ಅಂತ. ಅದನ್ನೆಲ್ಲ ಏಜೆಂಟ್ ಹೇಳುತ್ತಾನೆ. ಅವನು ಹೇಳದೆ ಬಿಡುವುದನ್ನು ನಾನು ಬರೆಯುತ್ತೇನೆ. ನಾನು ಕಲಿತದ್ದು ಮೂರನೇ ಕ್ಲಾಸು. ಅಕ್ಷರ ದೊಡ್ಡದು ದೊಡ್ಡದು ಬರುತ್ತದೆ, ಒತ್ತು ತಪ್ಪುತ್ತದೆ. ತಿದ್ದುವವರು ಅಕ್ಷರ ತಿದ್ದಲಿ, ಮಾತು ತಿದ್ದುವುದು ಬೇಡ.

ಕೆಲಸ ಕಷ್ಟ ಅಲ್ಲ. ನೆಲ ಒರೆಸುವುದು, ಇಸ್ತ್ರಿ ಹಾಕುವುದು, ಕೋಳಿ ಶುದ್ಧ ಮಾಡುವುದು, ಇದೆಲ್ಲ ಕೈಗೆ ತಾನೇ ಬರುತ್ತದೆ. ಬೈಯುವ ಯಜಮಾನತಿಯನ್ನೂ ಹೇಗೋ ಸುಧಾರಿಸಿಕೊಂಡು ಹೋಗಬಹುದು. ಆದರೆ ನಮ್ಮನ್ನು ಉದ್ಧಾರ ಮಾಡಲಿಕ್ಕೆ ಹೊರಟವರನ್ನು ಸುಧಾರಿಸುವುದುಂಟಲ್ಲ, ಅದು ಜೀವ ಹಿಂಡುತ್ತದೆ. ನಾನು ಹೇಳುವುದು ಆ ವಿಷಯ.

ತಪ್ಪು ಎಲ್ಲರೂ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಹೋದ ಹೊಸದರಲ್ಲಿ ದೊಡ್ಡ ಬಾಬಾ, ಅಂದರೆ ಮನೆಯ ಯಜಮಾನ, ತಲೆಗೆ ಹಾಕುವ ಬಿಳಿ ಬಟ್ಟೆಗೆ ಖಡಕ್ ಬರಬೇಕು ಅಂತ ಕೈಯಲ್ಲಿ ತೋರಿಸಿದರು. ನಾನು ಊರಿನ ಕ್ರಮದಲ್ಲಿ ಕುಚಲಕ್ಕಿ ಗಂಜಿ ಬಸಿದು ಅದ್ದಿದೆ. ಇಸ್ತ್ರಿ ಹಾಕಿದ ಮೇಲೆ ನೋಡಲಿಕ್ಕೆ ಚಂದ, ತಗಡಿನ ಹಾಗೆ ನಿಂತಿತು. ಅವರು ಅದನ್ನು ಹಾಕಿಕೊಂಡು ಒಂದು ಮದುವೆಗೆ ಹೋಗಿ ಬಿಸಿಲಲ್ಲಿ ಕೂತರು. ಬೆವರು ಇಳಿದು ಗಂಜಿ ಹುಳಿ ವಾಸನೆ ಬಂದು, ಹತ್ತಿರ ಕೂತವರು ಒಬ್ಬೊಬ್ಬರೇ ಎದ್ದು ಬೇರೆ ಕಡೆ ಕೂತರಂತೆ. ಮನೆಗೆ ಬಂದು ಆ ಬಟ್ಟೆಯನ್ನು ನನ್ನ ಮುಖಕ್ಕೆ ಬಿಸಾಡಿದರು. ಮಾಮಾ, ಅಂದರೆ ಯಜಮಾನತಿ, ಅಂಗಡಿಯಿಂದ ಬಟ್ಟೆಗೆ ಹೊಡೆಯುವ ಗಂಜಿಯ ಡಬ್ಬಿ ತರಿಸಿ ಕೊಟ್ಟಳು. ಅಲ್ಲಿಗೆ ಆ ವಿಷಯ ಖಲಾಸ್. ಬೈಗಳು ತಿಂದೆ, ಕೆಲಸ ಕಲಿತೆ. ಇದರಲ್ಲಿ ನನಗೆ ಯಾವ ದುಃಖವೂ ಇಲ್ಲ.

ಮಾಮಾ ಬಾಯಿ ಜೋರಿನ ಹೆಂಗಸು. ಆದರೆ ಬೈದರೆ ಬೈದದ್ದೇ, ಅದರ ಹಿಂದೆ ಮುಂದೆ ಏನೂ ಇರುವುದಿಲ್ಲ. ತೊಂದರೆ ಆದದ್ದು ಅವಳ ಮಗ ಫಹದ್ ಫ್ರಾನ್ಸಿನಲ್ಲಿ ಓದು ಮುಗಿಸಿ ಬಂದ ಮೇಲೆ. ಅವನು ಬೈಯುತ್ತಿರಲಿಲ್ಲ. ಒಳ್ಳೆಯ ಹುಡುಗ. ಅಡುಗೆಮನೆಗೆ ಬಂದು ನಿಮ್ಮ ಊರಲ್ಲಿ ನಿಮ್ಮ ಜಾತಿ ಯಾವುದು, ನಿಮ್ಮನ್ನು ಯಾರಾದರೂ ಕೀಳಾಗಿ ಕಾಣುತ್ತಾರಾ, ಈ ಮನೆಯಲ್ಲಿ ನಿಮಗೆ ಏನು ಅನಿಸುತ್ತದೆ ಅಂತ ಕೇಳುತ್ತಿದ್ದ. ಒಲೆಯಲ್ಲಿ ಅನ್ನ ಇರುತ್ತದೆ, ಇವನಿಗೆ ಉತ್ತರ ಬೇಕು. ನನಗೆ ಅನಿಸುವುದು ಅಡುಗೆಮನೆಗೆ ಒಂದು ಎಸಿ ಬೇಕು ಅಂತ ಒಮ್ಮೆ ಹೇಳಿದೆ. ಅವನು ಅದು ಅಪ್ಪನ ವಿಷಯ ಅಂದುಬಿಟ್ಟ.

ತೊಂಬತ್ತನೇ ಇಸವಿ ಬೇಸಿಗೆಯಲ್ಲಿ ದೊಡ್ಡ ಬಾಬಾ, ಮಾಮಾ ಇಬ್ಬರೂ ಲಂಡನ್ನಿಗೆ ಹೋದರು. ಪ್ರತಿ ವರ್ಷ ಹೋಗುವುದೇ. ಮನೆಯಲ್ಲಿ ಉಳಿದದ್ದು ಫಹದ್, ನಾನು, ಡ್ರೈವರ್ ಹಮೀದ್, ಮತ್ತೆ ಕುಸುಮಾ ಅಂತ ಸಿಲೋನಿನ ಹೆಂಗಸು. ಹಮೀದ್ ನಮ್ಮ ಮಂಗಳೂರು ಕಡೆಯ ಬ್ಯಾರಿ, ನನ್ನ ಹತ್ತಿರ ತುಳುವಿನಲ್ಲಿ ಮಾತಾಡುತ್ತಿದ್ದ, ಗುಲಾಬಿ ಅಕ್ಕ ಅನ್ನುತ್ತಿದ್ದ. ಯಜಮಾನರು ಇಲ್ಲದಿದ್ದರೆ ನಮಗೆ ಸ್ವಲ್ಪ ವಿರಾಮ. ಆ ವಿರಾಮಕ್ಕೆ ಫಹದ್ ಕಲ್ಲು ಹಾಕಿದ. ಒಂದು ಮಧ್ಯಾಹ್ನ ಮೂವರನ್ನೂ ಹಾಲಿಗೆ ಕರೆದು ಸೋಫಾದಲ್ಲಿ ಕೂತುಕೊಳ್ಳಿ ಅಂದ. ನಾವು ದಿನಾ ಒರೆಸುವ ಸೋಫಾ. ಕುಸುಮಾ ತುದಿಯಲ್ಲಿ, ಈಗ ಬೀಳುತ್ತಾಳೋ ಆಗ ಬೀಳುತ್ತಾಳೋ ಅನ್ನುವ ಹಾಗೆ ಕೂತಳು. ಹಮೀದ್ ನೆಲವೇ ಸಾಕು ಅಂತ ಬಾಗಿಲ ಹತ್ತಿರ ಕೂತ. ನಾನು ಸರಿಯಾಗಿಯೇ ಕೂತೆ. ಕೂರಲಿಕ್ಕೆ ಹೇಳಿದ ಮೇಲೆ ಎಂತ ನಾಟಕ.

ಅವನು ಫ್ರಾನ್ಸಿನಿಂದ ತಂದ ಹಳೆಯ ನಗೆ ಸಿನಿಮಾದ ಕ್ಯಾಸೆಟ್ ಹಾಕಿದ. ಆ ದೇಶದಲ್ಲಿ ಮಕ್ಕಳು ಮುದುಕರು ಎಲ್ಲರಿಗೂ ಗೊತ್ತಿರುವ ಸಿನಿಮಾವಂತೆ, ಅದರಲ್ಲಿ ಎಲ್ಲ ತರದ ಜನರೂ ಇದ್ದಾರೆ, ಮನುಷ್ಯರೆಲ್ಲ ಒಂದೇ ಅಂತ ತೋರಿಸುತ್ತದಂತೆ. ನೋಡಿ ನಿಮ್ಮ ಅಭಿಪ್ರಾಯ ಹೇಳಬೇಕು ಅಂದ. ಅವನಿಗೆ ಸಿನಿಮಾದ್ದೇ ಒಂದು ಕೂಟ ಮಾಡಬೇಕು ಅಂತ ಆಸೆ ಇತ್ತು, ಅದಕ್ಕೆ ಮೊದಲು ನಮ್ಮ ಮೇಲೆ ಪ್ರಯೋಗ ಮಾಡಿ ನೋಡಿದ್ದು. ಮಾತು ಒಂದೂ ತಿಳಿಯುವುದಿಲ್ಲ. ಅವನು ನಿಲ್ಲಿಸಿ ನಿಲ್ಲಿಸಿ ಅರಬಿಯಲ್ಲಿ ಹೇಳುವುದು, ನಮಗೆ ತಿಳಿಯದ್ದನ್ನು ಹಮೀದ್ ಬಿಡಿಸಿ ಹೇಳುವುದು. ನಗುವ ಜಾಗಕ್ಕೆ ಬರುವಷ್ಟರಲ್ಲಿ ನಗು ತಣಿದು ಹೋಗುತ್ತಿತ್ತು.

ಕಥೆ ಇಷ್ಟು. ಒಬ್ಬ ದೊಡ್ಡ ಹೋಟೆಲಿನ ಧಣಿ. ಅವನಿಗೆ ಕಪ್ಪಿನವರು ಆಗುವುದಿಲ್ಲ, ಅರಬರು ಆಗುವುದಿಲ್ಲ, ಚೀನಾದವರು ಆಗುವುದಿಲ್ಲ. ಹೋಟೆಲಿನಲ್ಲಿ ದುಡಿಯುವವರು ಮಾತ್ರ ಪೂರಾ ಅವರೇ. ಒಂದು ದಿನ ಅವನ ಮೈಮೇಲೆ ಸಾರು ಚೆಲ್ಲಿ, ಪಾತ್ರೆ ತೊಳೆಯುವ ಆಫ್ರಿಕಾದವನ ಬಟ್ಟೆ ಕಸಿದು ಹಾಕಿಕೊಳ್ಳುತ್ತಾನೆ. ಮುಖಕ್ಕೆ ಒಲೆಯ ಮಸಿ ಬೇರೆ. ಆಮೇಲೆ ಯಾರೂ ಇವನೇ ಧಣಿ ಅಂತ ನಂಬುವುದಿಲ್ಲ. ಅವನದ್ದೇ ಮ್ಯಾನೇಜರ್ ಅವನನ್ನು ಹೊರಗೆ ಹಾಕುತ್ತಾನೆ, ಪೊಲೀಸ್ ಅಟ್ಟಿಸಿಕೊಂಡು ಬರುತ್ತದೆ, ಕೆಲಸದವರು ಅಡಗಿಸಿ ಇಡುತ್ತಾರೆ. ಅವರ ಮದುವೆಯಲ್ಲಿ ಕುಣಿದು ಅವನಿಗೆ ಬುದ್ಧಿ ಬಂದು, ಕೊನೆಗೆ ಎಲ್ಲರನ್ನೂ ತಬ್ಬಿಕೊಳ್ಳುತ್ತಾನೆ.

ಒಂದು ವಿಷಯ ನೋಡಿದೆ. ಚೀನಾದ ಅಗಸ ಕೀಚು ಧ್ವನಿಯಲ್ಲಿ ಮಾತಾಡಿದಾಗ ಕುಸುಮಾ ಹೊಟ್ಟೆ ಹಿಡಿದು ನಕ್ಕಳು. ಕಪ್ಪಿನವನು ಕಣ್ಣು ಬಿಟ್ಟಾಗ ಹಮೀದ್ ನಕ್ಕ, ಫಹದನೂ ನಕ್ಕ. ನಾನೂ ನಕ್ಕೆ, ಸುಳ್ಳು ಯಾಕೆ. ಒಬ್ಬ ಅರಬ ಬಂದು ರತ್ನಗಂಬಳಿ ಮಾರುವ ನೆಪದಲ್ಲಿ ಚಮಚ ಕದಿಯುವಾಗ ಫಹದನ ಮುಖ ಕಪ್ಪಿಟ್ಟಿತು. ನಮ್ಮನ್ನು ಯಾವಾಗಲೂ ಹೀಗೇ ತೋರಿಸುತ್ತಾರೆ ಅಂತ ಸಿನಿಮಾ ನಿಲ್ಲಿಸಿ ಅಲ್ಲಿಗೆ ಒಂದು ಭಾಷಣ. ಅವರವರ ಸರದಿ ಬರುವವರೆಗೆ ಎಲ್ಲರಿಗೂ ತಮಾಷೆ.

ಮುಗಿದ ಮೇಲೆ ಅವನು ನನ್ನ ಕಡೆ ತಿರುಗಿ, ಗುಲಾಬಿ, ಇದರಲ್ಲಿ ನೀನು ಎಲ್ಲಿದ್ದಿ, ನಿನ್ನಂಥವರು ಕಂಡರಾ ಅಂತ ಕೇಳಿದ. ಕಂಡರು, ಧಣಿಯ ಮನೆಯ ಬಾಗಿಲು ತೆರೆದು ಅವನ ಟೊಪ್ಪಿ ಹಿಡಿದುಕೊಂಡಳಲ್ಲ, ಅವಳೇ ನಾನು, ಆಮೇಲೆ ಅವಳು ಬರಲೇ ಇಲ್ಲ ಅಂದೆ. ಅವನಿಗೆ ಖುಷಿಯಾಯಿತು, ತುಂಬಾ ದೊಡ್ಡ ಮಾತು ಅಂದ. ಮತ್ತೊಂದು ಕೇಳಿದೆ. ಧಣಿ ಆಫ್ರಿಕಾದವನ ಬಟ್ಟೆ ಹಾಕಿಕೊಂಡು ಊರೆಲ್ಲ ತಿರುಗಿ ಬುದ್ಧಿ ಕಲಿತ, ಸರಿ. ಬಟ್ಟೆ ಹೋದವನು ಮೇಜಿನ ಬಟ್ಟೆ ಸುತ್ತಿಕೊಂಡು ಸ್ಟೋರಿನಲ್ಲಿ ಕೂತೇ ಇದ್ದನಲ್ಲ, ಅವನ ಗತಿ ಎಂತ? ಫಹದ್, ಅದು ನಗೆ ಸಿನಿಮಾ ಗುಲಾಬಿ, ಹಾಗೆಲ್ಲ ನೋಡಬಾರದು ಅಂದ. ನನ್ನ ಅಭಿಪ್ರಾಯ ಬೇಕಿದ್ದದ್ದು ಅಷ್ಟೇ. ಆಮೇಲೆ ಗದ್ದ ಒಂದು ಚೂರು ಮೇಲೆತ್ತಿದ. ಆ ಮನೆಯಲ್ಲಿ ಗದ್ದ ಎತ್ತಿದರೆ ಚಾ ಬೇಕು ಅಂತ. ಬಾಯಿ ಬಿಟ್ಟು ಕೇಳುವ ಕ್ರಮ ಇಲ್ಲ, ಯಾರನ್ನು ನೋಡಿ ಗದ್ದ ಎತ್ತುತ್ತಾರೋ ಅವರು ಏಳಬೇಕು. ನಾನು ಎದ್ದೆ. ಸಿಂಕಿನಲ್ಲಿ ಮಧ್ಯಾಹ್ನದ ಪಾತ್ರೆ ಹಾಗೇ ಬಿದ್ದಿತ್ತು.

ಆಗಸ್ಟಿನಲ್ಲಿ ಇರಾಕಿನವರು ಬಂದರು. ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಟ್ಯಾಂಕು. ಆ ಕಥೆ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ. ನಮ್ಮ ಮನೆಯ ಮಟ್ಟಿಗೆ ಇದ್ದ ಚಿಂತೆ ಒಂದೇ. ಸಿಪಾಯಿಗಳು ಮನೆ ಮನೆ ಹೊಕ್ಕು ಕುವೈತಿ ಹುಡುಗರನ್ನು ಹಿಡಿಯುತ್ತಿದ್ದರು. ಪಕ್ಕದ ವಿಲ್ಲಾದ ಹುಡುಗನನ್ನು ಕರೆದುಕೊಂಡು ಹೋದವರು ವಾಪಸು ತಂದು ಬಿಟ್ಟದ್ದು ಹೆಣ. ಅವನ ತಾಯಿಯ ಕೂಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಮ್ಮ ದೇಶದವರನ್ನು ಅವರು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ನಮಗೆಲ್ಲ ಹೊರಗೆ ಹೋಗಲಿಕ್ಕೆ ದಾರಿ ಉಂಟು, ಫಹದನಿಗೆ ಇಲ್ಲ.

ಉಪಾಯ ಹೇಳಿದ್ದು ಹಮೀದ್. ಸುಲೈಬಿಯಾದಲ್ಲಿ ಕೂಲಿಗಳ ಕೋಣೆಗಳು ಸಾಲಾಗಿ ಉಂಟು, ಅಲ್ಲಿ ಅವನ ಚಿಕ್ಕಪ್ಪನ ಮಗ ಇದ್ದ. ಅಷ್ಟು ಜನ ಇಂಡಿಯಾದವರ ನಡುವೆ ಒಬ್ಬನನ್ನು ಸೇರಿಸಿದರೆ ಯಾರು ಹುಡುಕುತ್ತಾರೆ? ಅಲ್ಲಿಂದ ಸೌದಿಗೆ ದಾಟಿಸುವವರು ಸಿಗುತ್ತಾರೆ. ಅಲ್ಲಿಗೆ ಹೋಗುವ ತನಕ ಫಹದ್ ನಮ್ಮಲ್ಲಿ ಒಬ್ಬ ಆಗಬೇಕು.

ಅವನನ್ನು ನಮ್ಮಲ್ಲಿ ಒಬ್ಬ ಮಾಡಲಿಕ್ಕೆ ಹೊರಟದ್ದುಂಟಲ್ಲ, ಸಾಕಾಯಿತು ಮಾರಾಯ್ರೆ. ಬಣ್ಣ ಏನೋ ನಮ್ಮದೇ ತರ. ಆದರೆ ಮೈಯಲ್ಲೆಲ್ಲ ಊದು ಧೂಪದ ವಾಸನೆ, ಹುಟ್ಟಿದಂದಿನಿಂದ ಅದರ ಹೊಗೆ ಹಾಕಿದ ಬಟ್ಟೆ ಹಾಕಿದವನು. ಸ್ನಾನ ಮಾಡಿದರೂ ಹೋಗಲಿಲ್ಲ. ಕಡೆಗೆ ಈರುಳ್ಳಿ ಜಜ್ಜಿ ಕುತ್ತಿಗೆಗೆ, ಕೈಗೆ ತಿಕ್ಕಿದೆ. ಅವನು ಅಳುಮುಖ ಮಾಡಿದ. ಮೀಸೆ ತೆಗೆಸಿದ್ದಕ್ಕೆ ಒಂದು ದಿನ ಊಟ ಬಿಟ್ಟ. ಹಮೀದನಿಗೆ ಇದ್ದದ್ದೇ ಒಂದು ಒಳ್ಳೆಯ ಪ್ಯಾಂಟು, ಅದನ್ನು ಇವನಿಗೆ ಕೊಟ್ಟು ತಾನು ಹಳೆಯ ಲುಂಗಿ ಸುತ್ತಿಕೊಂಡ. ಪ್ಯಾಂಟು ಬಿಗಿ ಆಗುತ್ತದೆ, ಬೇರೆ ಇಲ್ಲವಾ ಅಂತ ಫಹದ್ ಕೇಳಿದ. ಇಲ್ಲ ಅಂತ ನಾನೇ ಹೇಳಿದೆ, ಹಮೀದ್ ಹೇಳುವುದಿಲ್ಲ ಅಂತ ಗೊತ್ತಿತ್ತು.

ಕೇಳಿದರೆ ಏನು ಹೇಳುವುದು ಅಂತ ಮಾಡಿಕೊಂಡೆವು. ಇವನು ನನ್ನ ಗಂಡನ ತಮ್ಮ, ತೋಟದಲ್ಲಿ ಕೆಲಸ, ಹಿಂದಿ ಅರಬಿ ಸರಿಯಾಗಿ ಬರುವುದಿಲ್ಲ, ಜ್ವರ ಬಂದು ಎದ್ದವನು, ಕಾಗದಪತ್ರ ಅವನ ಧಣಿಯ ಹತ್ತಿರವೇ ಉಳಿಯಿತು. ತರಕಾರಿ ಹಾಕುವ ಒಂದು ಪಿಕಪ್ ಸಿಕ್ಕಿತು. ಹಿಂದೆ ಈರುಳ್ಳಿ ಚೀಲ, ಒಂದು ಗ್ಯಾಸ್ ಸಿಲಿಂಡರ್. ಹಮೀದ್ ಓಡಿಸುವುದು, ಪಕ್ಕದಲ್ಲಿ ಕುಸುಮಾ. ಹಿಂದೆ ಚೀಲದ ಮೇಲೆ ನಾನೂ ಫಹದನೂ. ಹತ್ತುವಾಗಲೇ ಅವನು ಪಿಕಪ್ಪಿನ ಹತ್ತಿರ ಸುಮ್ಮನೆ ನಿಂತ. ಯಾಕೆ ನಿಂತಿದ್ದಿ ಅಂತ ಕೇಳಿದೆ. ಹಿಂದಿನ ಹಲಗೆ ಯಾರಾದರೂ ತೆರೆಯಲಿ ಅಂತ ಕಾಯುತ್ತಿದ್ದ.

ಎರಡು ಚೆಕ್‌ಪೋಸ್ಟ್ ದಾಟಿತು, ಕೈ ಬೀಸಿ ಬಿಟ್ಟರು. ಸುಲೈಬಿಯಾ ಹತ್ತಿರ ಇನ್ನೊಂದು. ಅಲ್ಲಿ ಎಲ್ಲರನ್ನೂ ಇಳಿಸಿದರು. ಮುಂದೆ ನಿಂತ ಸಿಪಾಯಿ ಇನ್ನೂ ಎಳೆಯ, ತುಟಿ ಒಣಗಿ ಸೀಳಿತ್ತು, ಬೂಟಿಗೆ ಲಾಡಿ ಇರಲಿಲ್ಲ. ನನ್ನ ಇಕಾಮಾ, ಅಂದರೆ ಅಲ್ಲಿ ಇರಲಿಕ್ಕೆ ಕೊಟ್ಟ ಪರವಾನಗಿ, ನೋಡಿದ, ಹಮೀದನದ್ದು ನೋಡಿದ. ಸಿಲಿಂಡರ್ ಇಳಿಸು, ಕೆಳಗೆ ಏನುಂಟು ನೋಡಬೇಕು ಅಂತ ಫಹದನಿಗೆ ಹೇಳಿದ. ಅರಬಿಯಲ್ಲಿ ಹೇಳಿದ್ದು, ಕೈಯಲ್ಲಿಯೂ ತೋರಿಸಿದ.

ಫಹದ್ ಹಮೀದನ ಕಡೆ ತಿರುಗಿ ಗದ್ದ ಎತ್ತಿದ.

ಹಮೀದ್ ಹೊರಟೇಬಿಟ್ಟ, ಲುಂಗಿ ಎತ್ತಿ ಕಟ್ಟಿಕೊಂಡು ಸಿಲಿಂಡರಿನ ಕಡೆ. ಅವನನ್ನು ದೂರಿ ಫಲ ಇಲ್ಲ, ಅಷ್ಟು ವರ್ಷದ ಕಾಲು, ತಾನೇ ಹೋಗುತ್ತದೆ. ಸಿಪಾಯಿ ಒಮ್ಮೆ ಇವನನ್ನು ನೋಡಿದ, ಒಮ್ಮೆ ಅವನನ್ನು ನೋಡಿದ. ಬಂದೂಕು ಭುಜದಿಂದ ಕೈಗೆ ಬಂತು.

"ಇವನು ಯಾರು?" ಅಂದ.

ಈಗ ಎಲ್ಲರೂ ಅದನ್ನು ಉಪಾಯ ಅನ್ನುತ್ತಾರೆ. ಉಪಾಯ ಅಲ್ಲ, ಮಣ್ಣೂ ಅಲ್ಲ. ನನಗೆ ಸಿಟ್ಟು ಬಂದದ್ದು. ಜೀವ ಹೋಗುವ ಹೊತ್ತಿನಲ್ಲೂ ಇವನಿಗೆ ಎತ್ತಲಿಕ್ಕೆ ಇನ್ನೊಬ್ಬ ಬೇಕು ಅಂತ ಮೈಯೆಲ್ಲ ಉರಿಯಿತು. ಹೋಗಿ ಅವನ ತಲೆಯ ಹಿಂದಕ್ಕೆ ಒಂದು ಬಿಟ್ಟೆ. ಅಂಗೈ ಬಿಡಿಸಿ, ಶಬ್ದ ಬರುವ ಹಾಗೆ. ಅವನು ಮುಂದಕ್ಕೆ ಮುಗ್ಗರಿಸಿದ. ಮತ್ತೊಂದು ಬೆನ್ನಿಗೆ ಹಾಕಿದೆ. ತುಳುವಿನಲ್ಲಿ ಬಂದ ಬೈಗಳನ್ನು ಇಲ್ಲಿ ಬರೆಯಲಿಕ್ಕೆ ಆಗುವುದಿಲ್ಲ, ಬೇವರ್ಸಿ ಅನ್ನುವುದು ಅದರಲ್ಲಿ ಮರ್ಯಾದೆಯದ್ದು. ಕೂತು ಉಣ್ಣುವವನೇ, ನಿನ್ನ ಕೈಗೆ ಎಂತ ಹುಳ ಬಿದ್ದಿದೆಯಾ, ಅವನು ನಿನ್ನ ಅಪ್ಪನ ಆಳಾ, ಎತ್ತು ಅಂತ ಕಿರುಚಿದೆ. ಆಮೇಲೆ ಸಿಪಾಯಿಗೆ ನನ್ನ ಅಡುಗೆಮನೆ ಅರಬಿಯಲ್ಲಿ ಹೇಳಿದೆ, ಇವನು ನನ್ನ ಗಂಡನ ತಮ್ಮ, ತಿನ್ನುವುದು ಮಲಗುವುದು ಬಿಟ್ಟು ಬೇರೆ ಗೊತ್ತಿಲ್ಲ, ಬೇಕಾದರೆ ನೀನೇ ಇಟ್ಟುಕೊ.

ಸಿಪಾಯಿ ನಕ್ಕ. ಅವನ ಮನೆಯಲ್ಲಿಯೂ ಒಬ್ಬ ತಮ್ಮ ಹೀಗೇ ಇದ್ದಾನಂತೆ. ಫಹದ್ ಸಿಲಿಂಡರ್ ಎತ್ತಿ ಇಳಿಸುವಾಗ ತನ್ನ ಕಾಲ ಮೇಲೆ ಹಾಕಿಕೊಂಡ, ಅದಕ್ಕೂ ನಕ್ಕ. ನಾಲ್ಕು ಈರುಳ್ಳಿ ತೆಗೆದುಕೊಂಡು, ಯಲ್ಲಾ ಹೋಗಿ ಅಂದ.

ಸುಲೈಬಿಯಾದ ಕೋಣೆಯಲ್ಲಿ ಹನ್ನೆರಡು ಜನ ಇದ್ದರು. ಪಾತ್ರೆ ತೊಳೆಯುವುದು ಸರದಿ ಪ್ರಕಾರ. ಫಹದನ ಸರದಿ ಬಂದಾಗ ಅವನಿಗೆ ಕಾಲು ನೋವು. ಆ ಕೂಲಿಗಳು ಪಾಪ, ದೊಡ್ಡ ಮನೆಯ ಹುಡುಗ ಅಂತ ಅವರೇ ತೊಳೆದರು. ಸಿನಿಮಾದಲ್ಲಿ ಧಣಿಗೆ ಒಂದೇ ದಿನದಲ್ಲಿ ಬುದ್ಧಿ ಬಂದದ್ದು ನನಗೆ ಆಗ ನೆನಪಾಯಿತು. ಆ ಸಿನಿಮಾ ಮಾಡಿದವನು ಯಾವ ಧಣಿಗೂ ತನ್ನ ಬಟ್ಟೆ ಕೊಟ್ಟು ನೋಡಿರಲಿಕ್ಕಿಲ್ಲ.

ಸ್ವಲ್ಪ ದಿನದಲ್ಲಿ ನಮ್ಮ ದೇಶದವರನ್ನು ಬಸ್ಸಿನಲ್ಲಿ ಬಸ್ರಾ, ಬಗ್ದಾದ್ ಮೇಲೆ ಜೋರ್ಡನ್ನಿಗೆ ಕಳಿಸಲಿಕ್ಕೆ ಶುರು ಮಾಡಿದರು. ನಾನು, ಹಮೀದ್ ಹೊರಟೆವು. ಕುಸುಮಾ ತನ್ನ ದೇಶದವರ ಜೊತೆ ಹೋದಳು. ಫಹದ್ ಕಣ್ಣಲ್ಲಿ ನೀರು ತುಂಬಿಕೊಂಡು, ನೀನು ನನ್ನ ಇನ್ನೊಂದು ತಾಯಿ ಅಂದ. ಸರಿ, ಪಾತ್ರೆ ತೊಳೆ ಅಂದೆ. ಅವನು ಆಮೇಲೆ ಮರಳುಗಾಡಿನ ದಾರಿಯಲ್ಲಿ ಸೌದಿಗೆ ದಾಟಿ ಬದುಕಿಕೊಂಡ ಅಂತ ಊರಿನಲ್ಲಿ ಸುದ್ದಿ ಸಿಕ್ಕಿತು. ನಿಜ ಹೇಳಬೇಕಾದರೆ ಅವತ್ತು ನಿದ್ದೆ ಚೆನ್ನಾಗಿ ಬಂತು.

ಯುದ್ಧ ಮುಗಿದು ತೊಂಬತ್ತೊಂದರ ಕಡೆಯ ಭಾಗದಲ್ಲಿ ಮಾಮಾ ವೀಸಾ ಕಳಿಸಿದಳು. ಹೋದೆ. ಎಣ್ಣೆ ಬಾವಿಗಳ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ, ಒಣಗಲಿಕ್ಕೆ ಹಾಕಿದ ಬಟ್ಟೆಗೆ ಮಸಿ ಕೂರುತ್ತಿತ್ತು. ಮನೆಯಲ್ಲಿದ್ದ ಟೀವಿ, ಸೋಫಾ, ಬಾಗಿಲಿನ ಚಿಲಕ ಸಮೇತ ಇರಾಕಿನವರು ಹೊತ್ತುಕೊಂಡು ಹೋಗಿದ್ದರು. ಮಾಮಾ ನನ್ನ ಕೈ ಹಿಡಿದು ಅತ್ತಳು, ಅಡುಗೆಮನೆಗೆ ಎಸಿ ಹಾಕಿಸಿದಳು. ಹಮೀದ್ ಬರಲಿಲ್ಲ, ಊರಿನಲ್ಲಿಯೇ ಜೀಪು ಓಡಿಸುತ್ತಿದ್ದ. ಫಹದ್ ಮಾತ್ರ ಅಡುಗೆಮನೆ ಕಡೆ ಬರುವುದನ್ನು ಬಿಟ್ಟಿದ್ದ. ಎದುರು ಸಿಕ್ಕರೆ ಗೋಡೆ ನೋಡುತ್ತಿದ್ದ. ಗದ್ದ ಎತ್ತುವುದೂ ಇಲ್ಲ, ಬೇಕಾದ್ದನ್ನು ತಾಯಿಯ ಹತ್ತಿರ ಹೇಳಿ ಕಳಿಸುವುದು. ನನಗೆ ಅದರಿಂದ ಕೆಲಸ ಕಡಿಮೆ ಆಯಿತು, ಇರಲಿ ಅಂತ ಇದ್ದೆ.

ಒಂದು ಸಂಜೆ ಅವನ ಕಡೆಯ ನೆಂಟರು, ಫ್ರಾನ್ಸಿನಿಂದ ಬಂದ ಇಬ್ಬರು ಗೆಳೆಯರು ಹಾಲಿನಲ್ಲಿ ಸೇರಿದ್ದರು. ನಾನು ಚಾ ತಂದೆ. ಫಹದ್ ನಡುವೆ ನಿಂತು, ತಾನು ಮಾಡಲಿಕ್ಕಿರುವ ಸಿನಿಮಾದ ಕಥೆ ಹೇಳುತ್ತಿದ್ದ. ನಗೆ ಸಿನಿಮಾವೇ. ದೊಡ್ಡ ಮನೆಯ ಹುಡುಗ ಕೂಲಿಯ ವೇಷದಲ್ಲಿ ತಪ್ಪಿಸಿಕೊಂಡು ಹೋಗುವಾಗ ಮನುಷ್ಯರೆಲ್ಲ ಒಂದೇ ಅಂತ ಕಲಿಯುತ್ತಾನಂತೆ. ಒಮ್ಮೆ ಅರಬಿಯಲ್ಲಿ, ಒಮ್ಮೆ ಆ ಗೆಳೆಯರ ಭಾಷೆಯಲ್ಲಿ ಹೇಳುತ್ತಿದ್ದ. ಚೆಕ್‌ಪೋಸ್ಟಿನ ಜಾಗಕ್ಕೆ ಬಂದಾಗ ಅವನು ಮೇಜಿನ ಮೇಲಿದ್ದ ಬಟ್ಟೆ ತಲೆಗೆ ಹಾಕಿಕೊಂಡು ಕೆಲಸದವಳಾದ. ಕೀಚು ಧ್ವನಿಯಲ್ಲಿ ಅಳುತ್ತಾ, ಸಿಪಾಯಿಯ ಕಾಲಿಗೆ ಬಿದ್ದು ಹೊರಳಾಡಿದ. ಆಮೇಲೆ ಬಟ್ಟೆ ತೆಗೆದು ತಾನಾಗಿ, ಆ ಕೆಲಸದವಳ ಕೆನ್ನೆಗೆ ಒಂದು ಬಾರಿಸಿ ಸುಮ್ಮನಿರಿಸಿದ. ಸಿಪಾಯಿ ನಂಬಿ ಬಿಟ್ಟನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ಗೆಳೆಯ ನನ್ನನ್ನು ತೋರಿಸಿ, ಇವಳೇನಾ ಅಂತ ಕೇಳಿರಬೇಕು. ಫಹದ್ ಹೌದು ಅಂತ ತಲೆ ಆಡಿಸಿ, ಗುಲಾಬಿ, ಜನ ಅತಿ ಹೆಚ್ಚು ಮೆಚ್ಚುವುದು ನಿನ್ನ ಪಾತ್ರವನ್ನೇ ಅಂದ. ಅಷ್ಟು ದಿನದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು.

ನಾನು ಟ್ರೇ ಇಟ್ಟೆ. "ಫಹದ್, ಹೊಡೆದದ್ದು ನಾನು," ಅಂದೆ.

ಅರಬಿ ತಿಳಿದವರ ನಗು ನಿಂತಿತು. ತಿಳಿಯದವರು ಸ್ವಲ್ಪ ಹೊತ್ತು ನಗುತ್ತಾ ಇದ್ದರು. ಫಹದ್ ಕೆಂಪಾಗಿ, ಮೆಲ್ಲ ಮೆಲ್ಲ ನನಗೆ ತಿಳಿಸಿ ಹೇಳಿದ. ಇದು ಸಿನಿಮಾ, ಇಲ್ಲಿ ಕೆಲಸದವಳು ಮನೆಯ ಮಗನಿಗೆ ಹೊಡೆಯುವುದನ್ನು ತೋರಿಸಿದರೆ ಜನ ಒಪ್ಪುವುದಿಲ್ಲ, ನಿನ್ನನ್ನು ಸೇರಿಸಿದ್ದೇ ದೊಡ್ಡದು, ಇಂಥ ಸಿನಿಮಾದಲ್ಲಿ ನಿನ್ನ ದೇಶದವರನ್ನು ಈವರೆಗೆ ಯಾರೂ ಹಾಕಿಲ್ಲ.

"ಹಾಗಾದರೆ ನನ್ನನ್ನು ತೆಗೆ," ಅಂದೆ. "ಅಳುವವಳು ಬೇಕಾದರೆ ಬೇರೆಯವಳನ್ನು ಹಾಕಿಕೊ. ಸಿಲಿಂಡರ್ ಎತ್ತಲಿಕ್ಕೆ ಹಮೀದನಿಗೆ ಗದ್ದ ಎತ್ತಿದ್ದನ್ನೂ ತೆಗೆದಿದ್ದಿಯಲ್ಲ."

ಚಾ ತಣ್ಣಗಾಗುತ್ತದೆ ಅಂತ ಹೇಳಿ ಒಳಗೆ ಬಂದೆ.

ಮರುದಿನ ಮಾಮಾ ಅಡುಗೆಮನೆಗೆ ಬಂದು ಬಾಗಿಲು ಹಾಕಿದಳು. ಅವಳಿಗೆ ಹೊಡೆದ ವಿಷಯ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ನಿಜವಾ?" ಅಂದಳು. ನಿಜ ಅಂದೆ. ಎಲ್ಲಿಗೆ ಹೊಡೆದೆ ಅಂತ ಕೇಳಿದಳು. ತಲೆಗೆ ಒಂದು, ಬೆನ್ನಿಗೆ ಒಂದು ಅಂದೆ. ಅವಳು ಎಸಿಯ ಕಡೆ ಮುಖ ತಿರುಗಿಸಿದಳು.

"ನೀನು ಹೊಡೆಯದಿದ್ದರೆ ನನಗೆ ಮಗ ಇರುತ್ತಿರಲಿಲ್ಲ ಗುಲಾಬಿ. ಆದರೆ ನೀನು ಇದ್ದರೆ ಅವನು ಈ ಮನೆಯಲ್ಲಿ ಇರುವುದಿಲ್ಲ ಅನ್ನುತ್ತಾನೆ."

ಅವಳನ್ನು ತಪ್ಪು ಅನ್ನುವುದಿಲ್ಲ. ಮಗನನ್ನು ಇಟ್ಟುಕೊಳ್ಳುವುದಾ, ಅಡುಗೆಯವಳನ್ನಾ ಅಂದರೆ ನಾನಾದರೂ ಅದನ್ನೇ ಮಾಡುತ್ತಿದ್ದೆ. ಸತಾಯಿಸದೆ ರಿಲೀಸ್ ಕೊಡಿಸಿದಳು, ಬೇರೆ ಮನೆಗೆ ಇಕಾಮಾ ಬದಲಾಯಿಸಿಕೊಳ್ಳಲಿಕ್ಕೆ. ಹವಲ್ಲಿಯಲ್ಲಿ ಒಂದು ಮನೆಯನ್ನೂ ಅವಳೇ ನೋಡಿ ಕೊಟ್ಟಳು. ನಾನು ಹೊರಡುವ ದಿನ ಫಹದ್ ಮನೆಯಲ್ಲಿ ಇರಲಿಲ್ಲ. ಆ ಸಿನಿಮಾ ಅವನು ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ, ವಿಚಾರಿಸಲಿಲ್ಲ.

ಹವಲ್ಲಿಯ ಮನೆಯ ಯಜಮಾನತಿ ಶಾಲೆಯಲ್ಲಿ ಪಾಠ ಹೇಳುವವಳು, ನಗುಮುಖದವಳು. ಮೊದಲ ದಿನವೇ ನನ್ನನ್ನು ಹಾಲಿನಲ್ಲಿ ಕೂರಿಸಿ, ಇದು ನಿನ್ನದೇ ಮನೆ ಅಂತ ತಿಳಿದುಕೊ, ಸಂಜೆ ನಮ್ಮೆಲ್ಲರ ಜೊತೆ ಕೂತು ಟೀವಿ ನೋಡಬಹುದು ಅಂದಳು. ಅಡುಗೆ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಟೀವಿ ನೋಡುವುದಿಲ್ಲ ಅಂದೆ. ಅವಳು ನನ್ನನ್ನು ಭಾರಿ ದೇವರ ಭಕ್ತಿಯವಳು ಅಂತ ತಿಳಿದಳು. ತಿಳಿದುಕೊಳ್ಳಲಿ ಅಂತ ಬಿಟ್ಟು, ಅಡುಗೆಮನೆ ಎಲ್ಲಿ ಅಂತ ಕೇಳಿದೆ.